ಎತ್ತನ್ನು ಉದ್ದ ಮಾಡಿದ ಮೈದುನ

ದೇವರು ಕೊಟ್ಟ ಆಕಾರ ನನ್ನ ಮೈದುನನಿಗೆ ಒಂದು ದಿನವೂ ಹಿಡಿಸಿದ್ದಿಲ್ಲ. ಕಂಡದ್ದನ್ನೆಲ್ಲ ಹಿಗ್ಗಿಸಬೇಕು, ಇಲ್ಲವೇ ಕುಗ್ಗಿಸಬೇಕು! ಸಿಂಧನೂರಿನಲ್ಲಿ ಬ್ರಷ್ಷು ಹಿಡಿದು ಬೋರ್ಡು ಬರೆಯುತ್ತಿದ್ದವನು, ತೊಂಬತ್ತರ ದಶಕ ಅರ್ಧ ಕಳೆದ ಮೇಲೆ ಒಂದು ಕಂಪ್ಯೂಟರ್ ತಂದಿಟ್ಟುಕೊಂಡ. ಅದರಲ್ಲಿ ಚಿತ್ರದ ಸುತ್ತ ಎಂಟು ಕರಿಯ ಚೌಕಗಳು ಬರುತ್ತವೆ, ಸಾಸಿವೆ ಕಾಳಿನಷ್ಟು. ಮೂಲೆಯದನ್ನು ಎಳೆದರೆ ಚಿತ್ರ ಇದ್ದ ಹಾಗೇ ದೊಡ್ಡದಾಗುತ್ತದೆ. ಪಕ್ಕದ್ದನ್ನು ಎಳೆದರೆ ತಟ್ಟಿದ ರೊಟ್ಟಿಯಂತೆ ಹರಡುತ್ತದೆ. ಎರಡನೇ ಈಯತ್ತೆಗೆ ಶಾಲೆ ಬಿಟ್ಟ ನನಗೇ ತಿಳಿಯಿತು. ಅವನಿಗೆ? ಸದಾ ಪಕ್ಕದ್ದೇ!

ತುರ್ವಿಹಾಳದ ಒಬ್ಬ ಬೀಜದ ಅಂಗಡಿಯವನಿಗೆ ಎತ್ತಿನ ಚಿತ್ರ ಮಾಡಿಕೊಟ್ಟ. ಬೋರ್ಡು ಉದ್ದ ಇತ್ತು, ಎತ್ತನ್ನೂ ಅಷ್ಟೇ ಉದ್ದ ಎಳೆದ.

"ಇದು ಎತ್ತೋ, ಮೊಸಳಿಯೋ?" ಎಂದ ಅಂಗಡಿಯವನು.

"ಎತ್ತ ರೀ. ನಡಾ ಬಗ್ಗತೈತಿ ಅನ್ಸಿದ್ರ ನಡುವ ಇನ್ನೆರಡು ಕಾಲು ಹಚ್ಚಿಕೊಡ್ತೀನಿ."

ಇಂಥವನ ಕೈಗೆ ನನ್ನ ಮಗಳ ಲಗ್ನದ ಕಾರ್ಡು ಬಿತ್ತು! ಗಂಡು ಲಿಂಗಸೂಗೂರಿನವನು. ಗಂಡಿನ ದೊಡ್ಡಪ್ಪ ತಾನೇ ಚೀಟಿ ಹಿಡಿದು ಮೈದುನನ ಅಂಗಡಿಗೆ ಬಂದ. ಅವರ ಕಡೆಯವರ ಮೂವತ್ತೆಂಟು ಹೆಸರು. ನಮ್ಮ ಕಡೆಯಿಂದ ಮೈದುನನದೊಂದೇ. ಗಂಡ ಸತ್ತವಳ ಹೆಸರಿನಲ್ಲಿ ಲಗ್ನಕ್ಕೆ ಕರೆಯುವುದು ನಮ್ಮಲ್ಲಿಲ್ಲ. ಹೆತ್ತವಳು ನಾನು, ಮಸ್ಕಿಯಲ್ಲಿ ಕಳೆ ಕಿತ್ತು ಕೂಲಿ ಮಾಡಿ ಸಾಕಿದವಳು ನಾನು. ಕರೆಯುವವನು ಮಾತ್ರ ಈ ಎತ್ತು ಎಳೆದವನು!

"ನನ್ನ ಹೆಸರೂ ಹಾಕ್ರಿ," ಅಂದೆ.

"ಜಾಗ ಇಲ್ಲವ್ವ ತಂಗಿ," ಎಂದ ದೊಡ್ಡಪ್ಪ. "ಹಟ ಮಾಡಿದ್ರ ಲಗ್ನ ನಡಿಯಂಗಿಲ್ಲ, ನೋಡು."

ಮಗಳ ಬಾಳಿನ ಮಾತು. ಹಟ ಬಿಟ್ಟೆ. ಮೈದುನನೂ ಹಲ್ಲು ಕಿರಿದು, "ಹೌದ್ರೀ, ಜಾಗ ಇಲ್ಲ," ಅಂದ. ಇವನ ಬಾಯಿಗೆ ಮಣ್ಣು ಹಾಕ!

ವಾರ ಬಿಟ್ಟು ದೊಡ್ಡಪ್ಪ ಮತ್ತೆ ಬಂದ. ಕಾರ್ಡು ಬಿಚ್ಚಿದ. ಚಸ್ಮಾ ಹಾಕಿದ, ತೆಗೆದು ಒರೆಸಿ ಮತ್ತೆ ಹಾಕಿದ. ಮೈದುನ ಅವರ ಮೂವತ್ತೆಂಟು ಹೆಸರುಗಳನ್ನು ಒಟ್ಟಿಗೆ ಹಿಡಿದು ಕುಗ್ಗಿಸಿದ್ದ. ಬೆಲ್ಲಕ್ಕೆ ಹೊರಟ ಇರುವೆಯ ಸಾಲು! ಕರೆಯುವವರ ಜಾಗದಲ್ಲಿ ನನ್ನ ಹೆಸರು, ಕಡಲೆಕಾಯಿಯಷ್ಟು ದಪ್ಪ ಅಕ್ಷರದಲ್ಲಿ.

"ನಮ್ಮ ಮಂದಿ ಎಲ್ಲಿ ಹೋದ್ರಲೇ?"

"ಎಣಿಸಿ ನೋಡ್ರಿ ಮಾವಾರ, ಒಬ್ಬರನ್ನೂ ಬಿಟ್ಟಿಲ್ಲ. ಜಾಗ ಇಲ್ಲ ಅಂದ್ರೆಲ್ಲ, ಮಾಡೀನಿ."

"ಲಗ್ನ ಮುರಿದ್ರ?"

"ನೀವು ಇತ್ತ ಬಸ್ಸು ಹತ್ತಿದ್ದ ತಡ, ನಿಮ್ಮೂರಾಗ ಹಂಚಿಸೀನ್ರೀ. ಮುರಿಯೂದಾದ್ರ ಮನಿ ಮನಿಗೆ ಹೋಗಿ ಹೇಳ್ರಿ: ಹಡೆದವ್ವನ ಹೆಸರು ಐತಿ ಅಂತ ಮುರಿದಿವಿ ಅಂತ."

ದೊಡ್ಡಪ್ಪ ಚಸ್ಮಾ ಮಡಚಿ ಜೇಬಿಗಿಟ್ಟ. ಚಾ ಕೂಡ ಕುಡಿಯದೆ ಬಸ್ಸು ಹತ್ತಿದ. ಲಗ್ನ ಮುರಿಯಲಿಲ್ಲ.

ನಾನು ಬೆರಳಿಟ್ಟು ಕಾರ್ಡು ಪೂರ್ತಿ ಓದಿದೆ, ಇರುವೆಗಳನ್ನೂ ಬಿಡದೆ. ಮೈದುನನ ಹೆಸರೇ ಇಲ್ಲ!

"ನಿನ್ನ ಹೆಸರೆಲ್ಲೋ, ಖೋಡಿ?"

"ನಿಂದು ಹಿಗ್ಗಿಸೂ ಮುಂದ ನಂದು ಹೊರಗ ಬಿತ್ತು, ಅತ್ತಿಗಿ," ಎಂದ, ಪರದೆಯಿಂದ ಮುಖ ತೆಗೆಯದೆ.

ಮನೆಯ ಮೊದಲ ಕಾರ್ಡು ದೇವರ ಮುಂದಿಡುವುದು ಪದ್ಧತಿ. ನಾನು ಅದಕ್ಕೆ ಅರಿಷಿಣ ಹಚ್ಚಿ ಅವನ ಕೈಗಿಟ್ಟು, "ಲಗ್ನಕ್ಕ ಬಾರಪಾ," ಅಂದೆ.