ಮುಳುಗಿದ ಖಂಡದ ಗೋಮಾಳ

ನನಗೊಂದು ಕಾಯಿಲೆ ಇದೆ. ಯಾರಾದರೂ "ಹೇಗಿದೆ?" ಎಂದು ಕೇಳಿದರೆ, ಹೇಗಿದೆಯೋ ಹಾಗೆ ಹೇಳಿಬಿಡುತ್ತೇನೆ. ಇದನ್ನು ಪ್ರಾಮಾಣಿಕತೆ ಎಂದುಕೊಂಡು ಬಹಳ ವರ್ಷ ಹೆಮ್ಮೆಪಟ್ಟದ್ದೂ ಉಂಟು. ಹೈಸ್ಕೂಲಿನಲ್ಲಿ ಭೂಗೋಳ ಪಾಠ ಹೇಳುತ್ತಾ, ಉತ್ತರಪತ್ರಿಕೆ ತಿದ್ದುತ್ತಾ ಇಪ್ಪತ್ತು ವರ್ಷ ಕಳೆದವನ ಕೈಗೆ ಕೆಂಪು ಶಾಯಿ ಅಂಟಿಕೊಂಡುಬಿಡುತ್ತದೆ. ಮನೆಗೆ ಲಗ್ನಪತ್ರಿಕೆ ಬಂದರೆ ಮೊದಲು ಕಾಗುಣಿತ ನೋಡುತ್ತೇನೆ, ಮದುವೆ ಯಾರದು ಎಂಬುದು ಆಮೇಲೆ. ನಮ್ಮ ಅತ್ತೆಯವರು ಮಗಳಿಗೆ ಬರೆದ ಕಾಗದದಲ್ಲಿ ಒಮ್ಮೆ ಒತ್ತಕ್ಷರಗಳನ್ನು ತಿದ್ದಿಟ್ಟಿದ್ದೆ. ಅಲ್ಲಿಂದೀಚೆಗೆ ಅವರು ಕಾಗದ ಬರೆಯುವುದನ್ನೇ ಬಿಟ್ಟಿದ್ದಾರೆ. ಈ ಕಡೆ ಬರುವವರ ಕೈಯಲ್ಲಿ ಹೇಳಿಕಳಿಸುತ್ತಾರೆ. ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಬಂದದ್ದು ರುದ್ರಯ್ಯನವರ ವಿಷಯದಲ್ಲಿ, ಅದೂ ತಡವಾಗಿ.

ರುದ್ರಯ್ಯನವರದು ನಮ್ಮ ರಸ್ತೆಯ ಕೊನೆಯ ಮನೆ. ರಸ್ತೆ ಎಂದದ್ದು ಮರ್ಯಾದೆಗೆ. ಆ ಕಾಲಕ್ಕೆ ಜಯನಗರದ ನಮ್ಮ ಬ್ಲಾಕಿನಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳು ಹೆಚ್ಚು, ಸೈಟುಗಳಿಗಿಂತ ಎಕ್ಕದ ಗಿಡಗಳು ಹೆಚ್ಚು. ಮಳೆ ಬಂದರೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ಬಸ್ ಸ್ಟ್ಯಾಂಡಿಗೆ ಹೋಗಬೇಕಾಗಿತ್ತು. ರುದ್ರಯ್ಯನವರು ಸರ್ವೇ ಇಲಾಖೆಯಲ್ಲಿ ಮೂವತ್ತು ವರ್ಷ ಸರಪಳಿ ಹಿಡಿದು ಊರೂರು ಜಮೀನು ಅಳೆದು ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ತಂಗಿ ಪಾರ್ವತಮ್ಮನವರು ಜೊತೆಯಲ್ಲಿದ್ದು ಅಡಿಗೆ ಮಾಡಿ ಹಾಕುತ್ತಿದ್ದರು. ಸಂಜೆಯಾದರೆ ನಾವಿಬ್ಬರೂ ಸಿದ್ದಾಪುರದ ಮೇಲೆ ನಡೆದು ಲಾಲ್‌ಬಾಗಿಗೆ ಹೋಗಿ ಬಂಡೆಯ ಮೇಲೆ ಕೂರುತ್ತಿದ್ದೆವು. ಬಡಾವಣೆಯಲ್ಲಿ ನನಗೆ ಇದ್ದ ಸ್ನೇಹಿತರು ಅವರೊಬ್ಬರೇ. ಮಿಕ್ಕವರೆಲ್ಲ ಒಂದಲ್ಲ ಒಂದು ದಿನ ನನ್ನನ್ನು "ಹೇಗಿದೆ?" ಎಂದು ಕೇಳಿದ್ದವರು.

ಒಂದು ಸಂಜೆ ಬಂಡೆಯನ್ನು ಅಂಗೈಯಿಂದ ಸವರುತ್ತಾ ಅವರು, "ಮೇಷ್ಟ್ರೇ, ನಾವು ಕೂತಿರೋ ಈ ಬಂಡೆ ಯಾವುದರ ತುದಿ ಗೊತ್ತಾ?" ಎಂದರು. "ಲಾಲ್‌ಬಾಗಿಂದು," ಎಂದೆ. "ಅಲ್ಲ. ಮುಳುಗಿಹೋದ ಖಂಡದ್ದು. ಕನ್ಯಾಕುಮಾರಿಯಿಂದ ಮಡಗಾಸ್ಕರ್‌ವರೆಗೂ ಇತ್ತು. ಎಲ್ಲಾ ಸಮುದ್ರಕ್ಕೆ ಹೋಯ್ತು, ಉಳಿದಿರೋದು ಈ ಕಡೆಯ ಅಂಚು ಮಾತ್ರ." ಹೇಳುವಾಗ ದನಿ ತಗ್ಗಿಸಿದ್ದರು. ಹನ್ನೊಂದು ವರ್ಷಗಳಿಂದ ಇದರ ಮೇಲೆ ಒಂದು ಪುಸ್ತಕ ಬರೆಯುತ್ತಿದ್ದೇನೆ, ತಂಗಿಯನ್ನು ಬಿಟ್ಟರೆ ಯಾರಿಗೂ ಹೇಳಿಲ್ಲ ಎಂದರು. ಮಾರನೆಯ ದಿನ ಬಟ್ಟೆಯ ಚೀಲದಲ್ಲಿ ನಾನೂರು ಹಾಳೆಗಳ ಕಟ್ಟನ್ನು ತಂದು ನನ್ನ ಮೇಜಿನ ಮೇಲಿಟ್ಟು, ಕೇಳಬಾರದ ಮಾತನ್ನು ಕೇಳಿಯೇಬಿಟ್ಟರು. "ಓದಿ. ಹೇಗಿದೆ ಅಂತ ಹೇಳಿ."

ಮುಳುಗಿದ ಖಂಡಗಳ ವಿಷಯ ನನಗೆ ಹೊಸದಲ್ಲ. ಜಗತ್ತಿನ ಒಂದೊಂದು ದೇಶದವರೂ ತಮಗೆ ಅನುಕೂಲವಾದ ಸಮುದ್ರದಲ್ಲಿ ಒಂದೊಂದು ಖಂಡವನ್ನು ಮುಳುಗಿಸಿಟ್ಟುಕೊಂಡಿದ್ದಾರೆ. ನಮ್ಮ ಕಡೆಯದು ಶುರುವಾದದ್ದು ಕೋತಿಯ ದೂರದ ನೆಂಟನಾದ ಒಂದು ಪ್ರಾಣಿಯಿಂದ. ಅದರ ಜಾತಿಯವು ಮಡಗಾಸ್ಕರದಲ್ಲೂ ಇವೆ, ಅವುಗಳ ದಾಯಾದಿಗಳು ನಮ್ಮಲ್ಲೂ ಇವೆ; ನಡುವೆ ಅಷ್ಟು ನೀರಿದೆ, ಈಜಿಕೊಂಡಂತೂ ಬಂದಿರಲಾರವು, ಆದ್ದರಿಂದ ಮಧ್ಯದಲ್ಲಿ ನೆಲವಿದ್ದಿರಬೇಕು ಎಂದು ಹಿಂದಿನ ಶತಮಾನದ ಪಂಡಿತರು ಊಹಿಸಿದರು. ಆಮೇಲೆ ಬಂದವರು ಆ ನೆಲದ ಮೇಲೆ ಮನುಷ್ಯರನ್ನು ಕೂರಿಸಿದರು, ಮನುಷ್ಯರಿಗೆ ರಾಜರನ್ನು ಕೊಟ್ಟರು, ರಾಜರಿಗೆ ವಿಮಾನ ಕೊಟ್ಟರು. ಸಾಕ್ಷಿ ಎಲ್ಲಿ ಎಂದರೆ, ಮುಳುಗಿದೆ. ಏನೂ ಸಿಗದಿದ್ದಷ್ಟೂ ವಾದ ಗಟ್ಟಿಯಾಗುವ ಶಾಸ್ತ್ರ ಇದೊಂದೇ. ನನ್ನ ತರಗತಿಯಲ್ಲಿ ಯಾವನಾದರೂ "ನಕಾಶೆ ಬರೆದಿದ್ದೆ ಸಾರ್, ಪುಸ್ತಕ ಮುಳುಗಿಹೋಯ್ತು" ಎಂದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಸಮುದ್ರದ ತಳದ ಕಲ್ಲೇ ಬೇರೆ, ನೆಲದ ಕಲ್ಲೇ ಬೇರೆ. ಅಷ್ಟು ದೊಡ್ಡ ಖಂಡ ಕಲ್ಲಿನ ಗುರುತೂ ಬಿಡದೆ ತಳ ಸೇರುವುದು ಸಾಧ್ಯವಿಲ್ಲ. ನಾನು ಹೊಸ ಶಾಯಿ ಬುಡ್ಡಿ ತಂದುಕೊಂಡು ಕೂತೆ.

ಆದರೆ ರುದ್ರಯ್ಯನವರ ಖಂಡದಲ್ಲಿ ರಾಜರಿರಲಿಲ್ಲ, ವಿಮಾನವೂ ಇರಲಿಲ್ಲ. ಸರ್ವೇ ನಂಬರುಗಳಿದ್ದವು. ಕೊನೆಯಲ್ಲಿ ಮಡಿಸಿಟ್ಟಿದ್ದ ನಕಾಶೆಯನ್ನು ಬಿಚ್ಚಿದರೆ ನಮ್ಮ ನಡುಮನೆ ಸಾಲಲಿಲ್ಲ. ಊರುಗಳು, ಕೆರೆಗಳು, ಗಾಡಿದಾರಿಗಳು, ಉಳುಮೆಗೆ ಬಾರದ ಖರಾಬು ಜಮೀನು, ಮೂಲೆಮೂಲೆಗೂ ಗಡಿ ತೋರಿಸುವ ಬಾಂದುಕಲ್ಲು. ಪ್ರತಿ ಊರಿನ ಪಕ್ಕದಲ್ಲೂ ದನ ಮೇಯುವುದಕ್ಕೆಂದು ಹಸಿರು ಬಣ್ಣ ಬಳಿದ ಗೋಮಾಳ. ಕೆಲವು ಊರುಗಳಲ್ಲಂತೂ ಊರಿಗಿಂತ ಗೋಮಾಳವೇ ದೊಡ್ಡದು. ನಾನು ಒಂದನ್ನೂ ಬಿಡದೆ ಪಕ್ಕದಲ್ಲಿ "ಈ ಗೋಮಾಳಕ್ಕೆ ಆಧಾರವೇನು?" ಎಂದು ಕೆಂಪಕ್ಷರದಲ್ಲಿ ಬರೆದೆ. ಮೂರು ವಾರ ಕೂತು ಮೂವತ್ತೆರಡು ಆಕ್ಷೇಪಣೆಗಳನ್ನು ಪಟ್ಟಿ ಮಾಡಿದೆ. ನನ್ನ ಹೆಂಡತಿ ಶಾರದೆ ಹುಳಿಗೆ ಬೇಳೆ ಆರಿಸುತ್ತಾ ನೋಡುತ್ತಿದ್ದವಳು, "ಏನೂಂದ್ರೆ, ಪಾಪ, ಅವರು ಕೇಳಿದ್ದು ಹೇಗಿದೆ ಅಂತ. ಇದೆಯೋ ಇಲ್ವೋ ಅಂತ ಅಲ್ಲ," ಎಂದಳು. "ನಿನಗೆ ಶಾಸ್ತ್ರ ಗೊತ್ತಾಗಲ್ಲ," ಎಂದೆ.

ಕಟ್ಟನ್ನು ಹಿಂದಕ್ಕೆ ಕೊಟ್ಟ ದಿನ ರುದ್ರಯ್ಯನವರು ಅಲ್ಲೇ ನಿಂತು ಪಟ್ಟಿಯನ್ನು ಪೂರ್ತಿ ಓದಿದರು. ಜಗಳವಾಡುತ್ತಾರೆ, ಒಂದು ತಿಂಗಳಾದರೂ ಸಂಜೆಯ ಮಾತಿಗೆ ಬರವಿಲ್ಲ ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಅವರು ಕನ್ನಡಕ ತೆಗೆದು, "ಬಹಳ ಶ್ರಮ ತಗೊಂಡಿದೀರಿ. ನೋಡ್ತೀನಿ," ಎಂದು ಹೊರಟುಹೋದರು. ಮರುದಿನ ವಾಕಿಂಗಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಎರಡು ವಾರ ನಾನೊಬ್ಬನೇ ಬಂಡೆಯ ಮೇಲೆ ಕೂತು ಎದ್ದುಬಂದೆ.

ಕೊನೆಗೆ ಅವರ ಮನೆಗೇ ಹೋದೆ. ಪಾರ್ವತಮ್ಮನವರು ಗೇಟಿನ ಹತ್ತಿರವೇ ಸೆರಗಿನ ತುದಿ ಹಿಡಿದುಕೊಂಡು, "ಅಣ್ಣ ಮಾತೇ ಆಡ್ತಿಲ್ಲ ಮೇಷ್ಟ್ರೇ. ಊಟಾನೂ ಅರ್ಧಕ್ಕೇ ಬಿಟ್ಟು ಏಳ್ತಾರೆ. ಹಿಂಗೇ ಆದ್ರೆ ಉಳೀತಾರಾ? ನೀವೇ ಏನಾದ್ರೂ ಮಾಡ್ಬೇಕು," ಎಂದರು. ಮಾಡಿದವನೂ ನಾನೇ ಎಂಬುದು ಅವರಿಗೆ ಗೊತ್ತಿತ್ತೋ ಇಲ್ಲವೋ. ಒಳಗೆ ರುದ್ರಯ್ಯನವರು ನಕಾಶೆಯನ್ನು ಹರಡಿಕೊಂಡು ಕೂತಿದ್ದರು. ಹಸಿರು ಬಣ್ಣದ ಮೇಲೆಲ್ಲ ಸ್ಕೇಲಿಟ್ಟು ನೇರವಾಗಿ ಗೀಟು ಹಾಕಿದ್ದರು.

"ಮೂವತ್ತೆರಡೂ ಸರಿ ಇದೆ ಮೇಷ್ಟ್ರೇ. ಒಂದೊಂದೇ ತಾಳೆ ನೋಡಿದೆ. ಅಳತೆ ತಪ್ಪಿದ್ರೆ ತಪ್ಪು ಅಂತ ಬರೀಬೇಕು. ನೌಕರಿಯಲ್ಲೂ ಹಾಗೇ ಮಾಡಿದೀನಿ."

"ಗೋಮಾಳದ್ದು ಬಿಡಿ ಸಾರ್. ಅದೇನು ಅಂಥ ದೊಡ್ಡ ತಪ್ಪಲ್ಲ," ಎಂದೆ.

"ಅದಕ್ಕಂತೂ ಆಧಾರಾನೇ ಇಲ್ಲ. ಈ ಬಡಾವಣೆಗೆ ಅಂತ ಇಲ್ಲಿನ ಹೊಲ ಅಳೆದವರಲ್ಲಿ ನಾನೂ ಒಬ್ಬ. ಬಾಂದುಕಲ್ಲು ನಿಂತು ಕೀಳಿಸಿದೀನಿ. ಒಬ್ಬ ರೈತ ಬಂದು, 'ಸಾಮಿ, ಇನ್ಮೇಲೆ ದನ ಎಲ್ಲಿ ಮೇಯಿಸ್ಲಿ?' ಅಂದ. ಸರಪಳಿ ಸುತ್ಕೊಂಡು ಬಂದ್ಬಿಟ್ಟೆ. ಈ ಖಂಡದಲ್ಲಾದ್ರೂ ಇರ್ಲಿ ಅಂತ ಪ್ರತಿ ಊರಿಗೂ ಬಿಟ್ಟಿದ್ದೆ. ಸ್ವಲ್ಪ ಜಾಸ್ತೀನೇ ಬಿಟ್ಟಿದ್ದೆ." ನಕಾಶೆಯನ್ನು ಮಡಿಸಿದರು. "ಹನ್ನೊಂದು ವರ್ಷ ಬೆಳಿಗ್ಗೆ ಎದ್ದ ತಕ್ಷಣ ಏನು ಮಾಡ್ಬೇಕು ಅಂತ ಗೊತ್ತಿತ್ತು. ಈಗ ಕಾಫಿ ಕುಡಿದ ಮೇಲೆ ಏನು ಮಾಡ್ಬೇಕೋ ತಿಳೀತಿಲ್ಲ."

ಬಾಯಿಗೆ ಬಂದ ವಾದವನ್ನೆಲ್ಲ ಖಂಡದ ಪರವಾಗಿ ಹೂಡಿದೆ. ಅವರು ನನ್ನ ಪಟ್ಟಿಯನ್ನೇ ತೆಗೆದು, ಏಳನೆಯದು, ಹನ್ನೆರಡನೆಯದು ಎಂದು ಬೆರಳಿಟ್ಟು ತೋರಿಸಿ ನನ್ನ ಬಾಯಿ ಮುಚ್ಚಿಸಿದರು. ನಾನು ಅಷ್ಟು ಚೆನ್ನಾಗಿ ಬರೆದಿದ್ದೆ.

ಮನೆಗೆ ಬರುವಾಗ ಒಂದು ಉಪಾಯ ಹೊಳೆಯಿತು. ನಮ್ಮ ಬಡಾವಣೆಯ ಸಂಘದಲ್ಲಿ ತಿಂಗಳಿಗೊಂದು ಭಾನುವಾರ ಉಪನ್ಯಾಸ ಇರುತ್ತಿತ್ತು. "ಮುಳುಗಿದ ಖಂಡ ನಿಜ" ಎಂಬ ವಿಷಯಕ್ಕೆ ನನ್ನ ಹೆಸರು ಕೊಟ್ಟೆ. ಸರ್ವೇಯರ್ ಆದವನು ಸುಮ್ಮನೆ ಕೂರಲಾರದಷ್ಟು ತಪ್ಪುಗಳನ್ನು ಸಭೆಯಲ್ಲಿ ಹೇಳುವುದು. ಅವರು ಎದ್ದು ನನ್ನನ್ನು ತರಾಟೆಗೆ ತೆಗೆದುಕೊಳ್ಳುವುದು. ನಾಲ್ಕು ಜನರ ಮುಂದೆ ನಾನು ಸೋಲುವುದು. ಅವರ ಮೈಯಲ್ಲಿ ಮತ್ತೆ ಬಿಸಿ ಹುಟ್ಟುವುದು. ಶಾರದೆಗೆ ಹೇಳಿದೆ. "ಸೋಲೋದು ನಿಮಗೆ ಬರುತ್ತಾ?" ಎಂದಳು.

ಸಭೆಗೆ ಹದಿನಾಲ್ಕು ಜನ ಬಂದಿದ್ದರು. ಅದರಲ್ಲಿ ಇಬ್ಬರು ಬಾಗಿಲಿಗೆ ಬೀಗ ಹಾಕಲು ಕಾಯುತ್ತಿದ್ದವರು. ಪಾರ್ವತಮ್ಮನವರು ಬಲವಂತ ಮಾಡಿ ಕಳಿಸಿದ್ದರಿಂದ ರುದ್ರಯ್ಯನವರು ಬಂದು ಮೂರನೇ ಸಾಲಿನಲ್ಲಿ ಕೂತಿದ್ದರು. ನಾನು ನಾಚಿಕೆ ಬಿಟ್ಟು ಮಾತಾಡಿದೆ. ಖಂಡದ ಗಡಿ ನಮ್ಮ ಪಕ್ಕದ ತಲಘಟ್ಟಪುರದವರೆಗೆ ಇತ್ತೆಂದೆ. ಆನೆಗಳು ಮಡಗಾಸ್ಕರದಿಂದ ಇಲ್ಲೇ ಗೊಟ್ಟಿಗೆರೆ ಊರಿಗೆ ನಡೆದು ಬಂದವೆಂದೆ. ಕನ್ಯಾಕುಮಾರಿಯಿಂದ ಮಡಗಾಸ್ಕರಕ್ಕೆ ಹೆಚ್ಚುಕಡಿಮೆ ಇಲ್ಲಿಂದ ಮೈಸೂರಿನಷ್ಟೇ ದೂರ ಎಂದೆ. ಇದಕ್ಕೆ ಅವರ ಕೈ ಜೇಬಿನ ಪೆನ್ಸಿಲಿನ ಕಡೆ ಹೋಯಿತು. ಬಿಸಿ ಬಂತು ಎಂದುಕೊಂಡೆ. ಕೈ ಹಾಗೇ ಕೆಳಗಿಳಿಯಿತು.

ಕೊನೆಯಲ್ಲಿ ಅಧ್ಯಕ್ಷರು ಯಾರಾದರೂ ಪ್ರಶ್ನೆ ಕೇಳುವುದಿದೆಯೇ ಎಂದರು. ರುದ್ರಯ್ಯನವರು ಎದ್ದು ನಿಂತರು. "ಮೇಷ್ಟ್ರು ಬಹಳ ಚೆನ್ನಾಗಿ ಮಾತಾಡಿದ್ರು," ಎಂದರು. "ಎಷ್ಟು ಓದ್ಕೊಂಡಿದಾರೆ! ನಂಗಂತೂ ಒಂದು ತಪ್ಪೂ ಕಾಣಲಿಲ್ಲ." ಕೂತರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಹೊರಗೆ ಅವರು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಹೋಗಿ ಹಿಡಿದುಕೊಂಡೆ. "ಒಂದು ತಪ್ಪೂ ಕಾಣಲಿಲ್ವಾ ಸಾರ್? ಮೈಸೂರಿನಷ್ಟು ದೂರ ಅಂದೆನಲ್ಲ!"

"ಕಂಡವು ಮೇಷ್ಟ್ರೇ," ಎಂದರು. "ಎಣಿಸೋದು ಬಿಟ್ಟುಬಿಟ್ಟೆ. ನೀವು ಅಷ್ಟು ಆಸೆಯಿಂದ ಹೇಳ್ತಿದ್ರಿ. ನಾಲ್ಕು ಜನದ ಮುಂದೆ ಹೇಗೆ ಹೇಳೋದು?" ಎಂದು ನನ್ನ ಭುಜ ತಟ್ಟಿ, ಮನೆಯ ಕಡೆ ನಿಧಾನವಾಗಿ ನಡೆದುಹೋದರು.

ಯೋಚಿಸಿ ನೋಡಿದರೆ, ಚೆನ್ನಾಗಿದೆ ಎಂದು ಹೇಳುವುದಕ್ಕೆ ಅವರಿಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ನನಗೆ ಮೂರು ವಾರ ಪುರಸೊತ್ತಿತ್ತು.