ಅತ್ತೆಯ ಕೈಯ ಚೇಳು, ಭಾವನವರ ಲೈಟು ಕಾಯಿ

ಇವತ್ತು ಬೆಳಿಗ್ಗೆ ಕೊಟ್ಟಿಗೆ ಬಳಿದೆ, ಅಕ್ಕಿ ಆರಿಸಿದೆ, ಒಲೆಯ ಬೂದಿ ತೆಗೆದೆ, ಅತ್ತೆಯ ತಲೆಗೆ ಎಣ್ಣೆ ಹಚ್ಚಿದೆ, ಭಾವನವರ ಲೈಟು ಕಾಯಿಯ ದೂಳು ಒರೆಸಿ ಕಿಟಕಿಯಲ್ಲಿಟ್ಟೆ. ಭಾವನವರು ಅತ್ತೆಯ ಕೈಯ ಫೋಟೊ ತರಲು ತಿಪಟೂರಿಗೆ ಹೋಗಿದ್ದರು. ಎರಡು ಸಲ ಕೆಟ್ಟಿತ್ತು. ಇದೂ ಕೆಟ್ಟರೆ, ಮತ್ತೆ ತೆಗೆಯುವಷ್ಟರಲ್ಲಿ ಅತ್ತೆಗೆ ನೋಡಲು ಕಣ್ಣು ಇರುತ್ತದೋ ಇಲ್ಲವೋ!

ನನ್ನ ಗಂಡನ ಅಣ್ಣ ಇದ್ದಾರಲ್ಲ, ಹೊನ್ನವಳ್ಳಿ ಸುತ್ತಮುತ್ತಲಿನ ಇರುವೆಗಳೆಲ್ಲದರ ಮುಖಪರಿಚಯ ಇರುವ ಏಕೈಕ ಮನುಷ್ಯರು ಅವರು. ನೆಂಟರ ಗುರುತು ಮಾತ್ರ ಸಿಗುವುದಿಲ್ಲ! ಹುಳುಹುಪ್ಪಟೆಯನ್ನು ಹತ್ತಿರದಿಂದ ಹಿಡಿಯುವ ಮ್ಯಾಕ್ರೋ ಲೆನ್ಸು ತಂದ ದಿನದಿಂದ ಅವರದೊಂದು ನೇಮ: ಆರು ಕಾಲಿಗಿಂತ ಕಡಿಮೆ ಇರುವ ಯಾವುದರ ಫೋಟೊವನ್ನೂ ತೆಗೆಯುವುದಿಲ್ಲ. ನನ್ನ ತಂಗಿಯ ಮದುವೆಗೆ ಕರೆದುಕೊಂಡು ಹೋದೆವು. ರೀಲು ತೊಳೆಸಿ ನೋಡಿದರೆ ಮದುಮಗನೇ ಇಲ್ಲ, ಅವನ ಹಾರದ ಮೇಲೆ ಕೂತಿದ್ದ ಜೇನುಹುಳ ಇದೆ!

"ಹುಳಕ್ಕೆ ಫೋಕಸ್ ಮಾಡ್ದೆ, ಗಂಡು ಮಸುಕಾಯ್ತು. ಇಬ್ರೂ ಒಟ್ಟಿಗೆ ಸಿಗಲ್ಲ ಕಣಮ್ಮ," ಅಂದರು.

ಫೋಕಸ್ ಮಾಡುವ ರೀತಿಯಾದರೂ ಎಂಥದು! ಅಷ್ಟು ಹತ್ತಿರದಲ್ಲಿ ಲೆನ್ಸು ತಿರುಗಿಸಿದರೆ ಉಪಯೋಗವಿಲ್ಲವಂತೆ, ಮೈಯನ್ನೇ ಹಿಂದೆ ಮುಂದೆ ತೂಗಬೇಕಂತೆ. ಒಂದು ದಿನ ತೆಂಗಿನ ಬುಡದಲ್ಲಿ ಮಂಡಿಯೂರಿ, ಉಸಿರು ಬಿಗಿಹಿಡಿದು, ಮುಖ ಕೆಂಪಗೆ ಮಾಡಿಕೊಂಡು ತೂಗುತ್ತಿದ್ದರು. ಪಕ್ಕದ ಮನೆಯಾಕೆ ಏದುಸಿರುಬಿಡುತ್ತ ಓಡಿ ಬಂದಳು.

"ಅಕ್ಕಾ, ನಿಮ್ ಭಾವನ ಮೈಮ್ಯಾಲೆ ದೇವ್ರು ಬಂದೈತೆ! ಬೇವಿನ್ಸೊಪ್ಪು ತರ್ಲಾ?"

"ದೇವ್ರಲ್ಲ ಕಣೇ, ಫೋಕಸ್ಸು."

"ಅದ್ಯಾವೂರ್ ದೇವ್ರಕ್ಕಾ?"

ಇನ್ನು ಲೈಟು ಕಾಯಿ. ಕ್ಯಾಮೆರಾದ ಒಳಗೆ ಬೆಳಕು ಅಳೆಯುವ ಮೀಟರೊಂದಿದೆ, ಅದಕ್ಕೆ ಬುದ್ಧಿ ಸ್ವಲ್ಪ ಕಡಿಮೆ. ಬಿಳಿಯದನ್ನು ತೋರಿಸಿದರೆ ಬೆಳಕು ಜಾಸ್ತಿಯಾಯಿತೆಂದು ಹೆದರಿ ಫೋಟೊವನ್ನೇ ಕಪ್ಪು ಮಾಡುತ್ತದೆ. ಕಪ್ಪು ತೋರಿಸಿದರೆ ಬಿಳಿಚಿಸುತ್ತದೆ. ಎರಡಕ್ಕೂ ನಡುವಿನ ಬಣ್ಣ ತೋರಿಸಿ ಅಳೆಯಬೇಕು. ಪಟ್ಟಣದವರು ಅದಕ್ಕೆಂದೇ ಬೂದು ರಟ್ಟು ಇಟ್ಟುಕೊಳ್ಳುತ್ತಾರಂತೆ. ನಮ್ಮ ಭಾವ ಸಿಪ್ಪೆ ಸಮೇತ ಒಣಗಿದ ತೆಂಗಿನಕಾಯಿ ಇಟ್ಟುಕೊಂಡರು! ಮಿಡತೆ ಕಂಡರೆ ಅದರ ಪಕ್ಕ ಕಾಯಿ ಇಟ್ಟು, ಬೆಳಕು ಅಳೆದು, ಆಮೇಲೆ ಮಿಡತೆ. ಅಷ್ಟು ಹೊತ್ತಿಗೆ ಮಿಡತೆ ದಬ್ಬೇಘಟ್ಟ ಸೇರಿರುತ್ತಿತ್ತು.

ಅತ್ತೆಯ ಮುಂಗೈ ಮೇಲೆ ಹಚ್ಚೆಯ ಚೇಳೊಂದಿದೆ. ಹುಡುಗಿಯಾಗಿದ್ದಾಗ ಕಂದಿಕೆರೆಯಲ್ಲಿ ಅವರೂ ಅವರ ಅಕ್ಕನೂ ಒಂದೇ ದಿನ, ಒಂದೇ ಸೂಜಿಯಲ್ಲಿ, ಒಂದೇ ಥರ ಹಾಕಿಸಿಕೊಂಡದ್ದು. ಆ ಅಕ್ಕ ಈ ಸಲದ ಸಂಕ್ರಾಂತಿಯ ಹೊತ್ತಿಗೆ ತೀರಿಕೊಂಡರು. ಅವರದೊಂದು ಫೋಟೊ ಕೂಡ ಇಲ್ಲ. ಅತ್ತೆಗೆ ಕಣ್ಣು ಮಂಜಾಗಿ ತಮ್ಮ ಕೈಯ ಚೇಳೂ ಕಾಣುವುದಿಲ್ಲ.

"ಅದುನ್ನ ದೊಡ್ಡದಾಗಿ ತೆಗ್ದುಕೊಡು ಕಣ್ಲಾ," ಅಂದರು ಅತ್ತೆ ಮಗನಿಗೆ. "ಕಣ್ಣು ಪೂರ್ತಿ ಹೋಗಕ್ಮುಂಚೆ ಒಂದ್ಸಲ ನೋಡ್ತೀನಿ."

"ನಾನು ಮನುಷ್ಯರ್ದು ತೆಗೆಯಲ್ಲ ಕಣವ್ವ."

"ಮನುಷ್ಯರ್ದು ಯಾರ್ಲಾ ಕೇಳಿದ್ದು? ಚೇಳಿಗೆ ಎಂಟು ಕಾಲೈತೆ, ಎಣ್ಸುಕೊ!"

ಭಾವ ಎಣಿಸಿದರು. ಸೋತರು.

ಕ್ಯಾಮೆರಾ ಹಿಡಿದು ಬಂದರೆ ಲೈಟು ಕಾಯಿಯೇ ಇಲ್ಲ! ಅತ್ತೆಯೇ ಅದನ್ನು ಸುಲಿದು, ಒಡೆದು, ದೋಸೆಗೆ ಚಟ್ನಿ ಮಾಡಿಬಿಟ್ಟಿದ್ದರು.

"ನನ್ ಬೆಳಕೆಲ್ಲ ಅರ್ದು ತಿಂದ್ಬುಟ್ವಲ್ಲವ್ವ!"

"ಬುಡು, ಉಪ್ಪು ವಸಿ ಕಮ್ಮಿಯಾಗಿತ್ತು."

ಸಿಟ್ಟಿನಲ್ಲಿ ಭಾವ ಅತ್ತೆಯ ಬಿಳಿ ಸೆರಗಿನ ಮೇಲೇ ಬೆಳಕು ಅಳೆದು ಕ್ಲಿಕ್ಕಿಸಿದರು. ತೊಳೆಸಿ ತಂದರೆ ಕೈ ಇದ್ದಲು ಬಣ್ಣಕ್ಕೆ ತಿರುಗಿತ್ತು. "ಇದ್ಯಾಕ್ಲಾ ಸೌದೆ ಫೋಟ ತಂದಿದೀಯ?" ಅಂದರು ಅತ್ತೆ.

ಎರಡನೆಯ ಸಲಕ್ಕೆ ಹೊಸ ಕಾಯಿ ಬಂತು. ಯಾರೂ ಚಟ್ನಿ ಮಾಡದಿರಲಿ ಎಂದು ಭಾವ ಅದಕ್ಕೆ ಕುಂಕುಮ ಇಟ್ಟರು. ಪಕ್ಕದ ಮನೆಯಾಕೆ ಬಂದವಳೇ ಕಾಯಿಗೆ ಕೈಮುಗಿದಳು. "ಇದೇನಾ ಫೋಕಸ್ಸಪ್ಪ?"

ಈ ಸಲ ಬೆಳಕು ಸರಿಹೋಯಿತು, ಫೋಕಸ್ ಕೈಕೊಟ್ಟಿತು. ಸುಕ್ಕಿನ ಚರ್ಮ ಏರುತಗ್ಗಲ್ಲವೆ, ಕೊಂಡಿ ಕಂಡರೆ ತಲೆ ಮಸುಕು. "ಮೊಂಡ್ ಚೇಳು ನಂಗ್ಬ್ಯಾಡ ಕಣ್ಲಾ," ಎಂದು ಅತ್ತೆ ಮುಖ ತಿರುಗಿಸಿದರು.

ಮೂರನೆಯ ಸಲ ನಾನೇ ಕೂತೆ. ಅಂಗಳದ ಬಿಸಿಲಲ್ಲಿ ಅತ್ತೆಯ ಕೈಯನ್ನು ಮಣೆಯ ಮೇಲಿಟ್ಟು, ಎರಡೂ ಕಡೆಯಿಂದ ಚರ್ಮವನ್ನು ಹಪ್ಪಳದ ಹಾಗೆ ಎಳೆದು ಹಿಡಿದೆ. ಚೇಳು ಚಪ್ಪಟೆಯಾಯಿತು. ಭಾವ ಲೆನ್ಸಿನ ಕಿಂಡಿ ಕಿರಿದು ಮಾಡಿದರು.

"ಇದ್ರಲ್ಲಿ ತಲೆಯಿಂದ ಕೊಂಡಿವರ್ಗೂ ಸಿಗುತ್ತೆ, ಆದ್ರೆ ನಿಧಾನ. ಯಾರೂ ಅಲ್ಲಾಡ್ಬೇಡಿ!"

ಅತ್ತೆಗೆ ಆಗಲೇ ಸೀನು ಬರಬೇಕೆ? ಮೂವರೂ ಉಸಿರು ಕಟ್ಟಿ ಕೂತೆವು. ಕ್ಲಿಕ್! ಆಮೇಲೆ ಬಂದ ಸೀನಿಗೆ ಅಂಗಳದ ಕೋಳಿಗಳೆಲ್ಲ ಚೆಲ್ಲಾಪಿಲ್ಲಿ.

ಇವತ್ತು ಸಂಜೆ ಭಾವ ಬಸ್ಸಿಳಿದು ಬಂದರು, ಕೈಯಲ್ಲಿ ಮೊರದಗಲದ ಫೋಟೊ. ಸೂಜಿ ಚುಚ್ಚಿದ ಚುಕ್ಕೆ ಚುಕ್ಕೆಯೂ ಕಾಣುತ್ತಿತ್ತು. ಅತ್ತೆ ಬಾಗಿಲ ಬೆಳಕಿಗೆ ಹಿಡಿದು, ಮೂಗು ತಾಗುವಷ್ಟು ಹತ್ತಿರ ತಂದು ನೋಡಿದರು. ತಲೆಯಿಂದ ಕೊಂಡಿಯವರೆಗೆ ಬೆರಳಾಡಿಸಿದರು.

"ಇದು ನನ್ ಕೈಯಲ್ಲ ಕಣ್ಲಾ," ಅಂದರು. "ನಮ್ಮಕ್ಕನ್ದು."

ಕೂದಲೆಳೆಯಷ್ಟು ಫೋಕಸ್ ತಪ್ಪಿದರೂ ವಾರಗಟ್ಟಲೆ ವಾದ ಮಾಡುವ ಮನುಷ್ಯ ನಮ್ಮ ಭಾವ! ನಾನು ಅವರ ಬಾಯನ್ನೇ ನೋಡಿದೆ. ಭಾವ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು.

"ಹೂಂ ಕಣವ್ವ. ದೊಡ್ಡವ್ವಂದೇ."

ಊಟಕ್ಕೆ ಮುದ್ದೆ, ಹುರುಳಿಕಾಳು ಸಾರು. ಅತ್ತೆ ಎಡಗೈಯಲ್ಲಿ ಫೋಟೊ ಹಿಡಿದುಕೊಂಡೇ ಉಂಡು, ಎಲ್ಲರಿಗಿಂತ ಮೊದಲು ನಿದ್ದೆ ಹೋದರು.