ಬಿದ್ದ ಮೇಲ್ಗಲ್ಲನ್ನು ಎತ್ತಿಟ್ಟ ಸಿಯಾಜಾ ಅವರ ಕುರಿತು

ಸಂಖ್ಯೆ: ಕಗು/ಸಂರಕ್ಷಣೆ/147/ತಿದ್ದುಪಡಿ-3
ಬ್ಯಾಫಿನ್ ದ್ವೀಪ, ಏಪ್ರಿಲ್ 19

ವಿಷಯ: ಸಂರಕ್ಷಿತ ಐತಿಹಾಸಿಕ ತಾಣದ ಇನುಕ್ಸುಕ್ ಎಂಬ ದಾರಿಗುರುತಿನ ಕಲ್ಲುಗುಪ್ಪೆಯು ಅನುಮತಿಯಿಲ್ಲದೆ ದಾರಿ ತೋರಿಸಿದ ಬಗ್ಗೆ.
ಉಲ್ಲೇಖ: ಶ್ರೀಮತಿ ಸಿಯಾಜಾ, ಬೇಟೆಗಾರ್ತಿ, 71 ವರ್ಷ, ಇವರಿಗೆ ನೀಡಿದ ನೋಟಿಸು.

1. ಕೊಲ್ಲಿಯ ದಂಡೆಯ 41ನೇ ಕಲ್ಲುಗುಪ್ಪೆಯ ಕಿಂಡಿಯ ಮೇಲ್ಗಲ್ಲು ಗಾಳಿಗೆ ಬಿದ್ದಿದ್ದು, ಅದನ್ನು ಬಿದ್ದ ಸ್ಥಿತಿಯಲ್ಲೇ ಸಂರಕ್ಷಿಸಲು ತೀರ್ಮಾನಿಸಲಾಗಿತ್ತು. ಹೀಗಿರುವಾಗ ಸದರಿ ಸಿಯಾಜಾ ಅವರು ಸೀಲ್ ಬೇಟೆಯಿಂದ ಮರಳುವಾಗ ಅದನ್ನು ಎತ್ತಿ ಮೊದಲಿನಂತೆ ಇಟ್ಟಿರುತ್ತಾರೆ. ಅವರ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ಬಿದ್ದಿತ್ತು, ಎತ್ತಿಟ್ಟೆ. ನಮ್ಮಜ್ಜ ಕಟ್ಟಿದ್ದು ಕಣಪ್ಪ ಅದು. ಆ ಕಿಂಡೀಲಿ ನೋಡಿದ್ರೆ ಊರಿನ ದಿಕ್ಕು ಸಿಗತ್ತೆ. ಬಿದ್ಕೊಂಡಿರೋ ಕಲ್ಲು ಯಾರಿಗೆ ದಾರಿ ತೋರ್ಸತ್ತೆ, ನಿಮ್ಮ ಫೈಲಿಗಾ?”

2. ಕಲ್ಲನ್ನು ನಿಯಮಾನುಸಾರ ಮತ್ತೆ ಬೀಳಿಸಲು ಇಬ್ಬರು ಪರಿವೀಕ್ಷಕರನ್ನು ಕಳುಹಿಸಲಾಯಿತು. ಅವರು ಕಲ್ಲಿಗೆ ಕೈ ಹಾಕುವಷ್ಟರಲ್ಲಿ ಹಿಮಗಾಳಿ ಎದ್ದು, ದಾರಿ ತೋರುವ ಯಂತ್ರದ ಬ್ಯಾಟರಿ ಚಳಿಗೆ ಸತ್ತು, ಎರಡು ದಿನ ಗುಪ್ಪೆಯ ಮರೆಯಲ್ಲೇ ಮುದುಡಿ ಕುಳಿತಿರುತ್ತಾರೆ. ಅವರ ಬಳಿಯ ವೈರ್‌ಲೆಸ್ ಮಾತ್ರ ನಡೆಯುತ್ತಿದ್ದು, ಊರಿನಲ್ಲಿದ್ದ ಸಿಯಾಜಾ ಅವರು ಆ ಎರಡೂ ದಿನ ತಮ್ಮ ವೈರ್‌ಲೆಸ್ ಬಿಟ್ಟು ಎದ್ದಿರುವುದಿಲ್ಲ. “ಅಳ್ಬೇಡ್ರಪ್ಪಾ. ನಿದ್ದೆ ಮಾತ್ರ ಮಾಡ್ಬೇಡಿ. ಗಾಳಿ ನಿಂತ ತಕ್ಷಣ ಕಿಂಡಿಗೆ ಕಣ್ಣಿಟ್ಟು, ಕಂಡ ಕಡೆ ನೆಟ್ಟಗೆ ಬನ್ನಿ. ಸಾರು ಕಾಯ್ಸಿರ್ತೀನಿ” ಎಂದಿರುತ್ತಾರೆ. ಪರಿವೀಕ್ಷಕರು ಹಾಗೆಯೇ ಜೀವಂತವಾಗಿ ಬಂದು ತಲುಪಿರುವುದನ್ನು ಇಲಾಖೆಯು ಗಂಭೀರವಾಗಿ ಪರಿಗಣಿಸಿದೆ.

3. ಆದ್ದರಿಂದ ಎಲ್ಲರಿಗೂ ಈ ಮೂಲಕ ಸೂಚಿಸಲಾಗಿದೆ:
ಅ) ದಾರಿ ತಪ್ಪಲು ಇಚ್ಛಿಸುವವರು ಏಳು ದಿನ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು. ತಪ್ಪಲಿರುವ ಸ್ಥಳವನ್ನು ನಕ್ಷೆಯಲ್ಲಿ ಗುರುತಿಸಿರಬೇಕು.
ಆ) ಕಿಂಡಿಗೆ ಒಂದು ಬಾರಿಗೆ ಒಂದೇ ಕಣ್ಣನ್ನು ಇಡತಕ್ಕದ್ದು.
ಇ) ರಜಾದಿನಗಳಲ್ಲಿ ಕಲ್ಲುಗುಪ್ಪೆಗಳು ಯಾವ ದಿಕ್ಕನ್ನೂ ತೋರಿಸತಕ್ಕದ್ದಲ್ಲ.
ಈ) ಹಿಮಸಾರಂಗಗಳು ಸೂಚನಾ ಫಲಕವನ್ನು ಓದದೆ ಹಾದುಹೋಗುತ್ತಿರುವುದು ಗಮನಕ್ಕೆ ಬಂದಿದ್ದು, ಅವುಗಳಿಗೆ ಸಿಬ್ಬಂದಿಯೇ ಓದಿ ಹೇಳತಕ್ಕದ್ದು.

4. ಮೇಲ್ಗಲ್ಲನ್ನು ಬೀಳಿಸುವ ಆದೇಶವು ಜಾರಿಯಲ್ಲಿರುತ್ತದೆ. ಸದರಿ ಪರಿವೀಕ್ಷಕರು ಮತ್ತೆ ಹೋಗಲು ನಿರಾಕರಿಸಿರುವುದರಿಂದಲೂ, ಯಂತ್ರವು ದುರಸ್ತಿಯಲ್ಲಿರುವುದರಿಂದಲೂ, ಹೊಸ ತಂಡವನ್ನು ಕರೆದೊಯ್ಯಲು ಸಿಯಾಜಾ ಅವರನ್ನೇ ಕೋರಲಾಯಿತು. “ನಡೀರಿ, ಕರ್ಕೊಂಡ್ಹೋಗ್ತೀನಿ. ಬೀಳ್ಸಿದ್ಮೇಲೆ ವಾಪಸ್ ಬರೋ ದಾರಿ ಮಾತ್ರ ನೀವೇ ಹುಡುಕ್ಕೊಳ್ಳಿ” ಎಂದು ಒಪ್ಪಿರುತ್ತಾರೆ. ಈವರೆಗೆ ಯಾವ ಸಿಬ್ಬಂದಿಯೂ ಹೆಸರು ನೀಡಿರುವುದಿಲ್ಲ.

ಸಹಿ/-
ಪ್ರಭಾರ ನಿರ್ದೇಶಕರು
ಬಿದ್ದ ಕಲ್ಲುಗಳ ವಿಭಾಗ

ಪ್ರತಿಗಳು:
1. ಇಬ್ಬರು ಪರಿವೀಕ್ಷಕರಿಗೆ (ಚಳಿಗೆ ಮರಗಟ್ಟಿದ ಬೆರಳುಗಳು ವಾಸಿಯಾದ ನಂತರ ಸ್ವೀಕೃತಿ ಸಹಿ ಮಾಡುವುದು).
2. ಶ್ರೀಮತಿ ಸಿಯಾಜಾ ಅವರಿಗೆ (ಬೇಟೆಗೆ ಹೋಗಿರುವುದರಿಂದ ಬಾಗಿಲಿಗೆ ಅಂಟಿಸಲಾಗಿದೆ).
3. 41ನೇ ಕಲ್ಲುಗುಪ್ಪೆಗೆ, ಮಾಹಿತಿಗಾಗಿ (ತಲುಪಿಸುವವರು ದೊರೆತ ನಂತರ).